ದೇವರ ಕೋಣೆ ಪಕ್ಕದ ಹೈಸ್ಕೂಲು

ನಮ್ಮನೆಯಲ್ಲಿ ಯಾವುದೂ ಸೀದಾ ನಡೆಯೂದಿಲ್ಲ. ಬೇರೆಯವರ ಮನೆ ಮಕ್ಕಳು ಶಾಲೆಗೆ ಹೋಗ್ತಾರೆ, ಬರ್ತಾರೆ, ಪಾಸಾಗ್ತಾರೆ ಇಲ್ಲಾ ನಪಾಸಾಗ್ತಾರೆ, ಅಲ್ಲಿಗೆ ಮುಗೀತು. ನಮ್ಮಲ್ಲಿ ಶಾಲೆಯೇ ಮನೆಗೆ ಬಂತು. ಬಂದದ್ದು ಸುಮ್ಮನೆ ಬಂತಾ? ಅತ್ತೆ, ಬಾವ, ಆಟೋದವ, ಮೀನಿನವಳು, ಟೆಲಿಫೋನಿನವ, ಎಲ್ಲರ ತಲೆಯನ್ನೂ ಕೆಡಿಸಿ ಬಂತು. ಈಗ ಯಾರಾದ್ರೂ ಕೇಳಿದ್ರೆ ನಗ್ತಾ ಹೇಳ್ತೇನೆ. ಆವಾಗ ಯಾವುದಕ್ಕೆ ಅಳೂದು, ಯಾವುದಕ್ಕೆ ಬಯ್ಯೂದು ಅಂತ ಗೊತ್ತಾಗದೆ ಎರಡನ್ನೂ ಒಟ್ಟಿಗೇ ಮಾಡ್ತಿದ್ದೆ.

ಯಾವ ಶಾಲೆ?

ನಾವಿದ್ದದ್ದು ಕಾರವಾರದ ಹಬ್ಬುವಾಡದಲ್ಲಿ. ನಮ್ಮನೆಯವರಿಗೆ ಬಂದರಿನ ಹತ್ತಿರ ಆಫೀಸಿನಲ್ಲಿ ಕೆಲಸ. ಮನೆಯಲ್ಲಿ ನಾನು, ಅವರು, ಅತ್ತೆ, ಮತ್ತೆ ನಮ್ಮ ಒಬ್ಬಳೇ ಮಗಳು. ಅವಳಿಗೆ ಆಗ ಹದಿನೈದು. ಚಿಕ್ಕವಳಿದ್ದಾಗಲೇ ಮಂಗಳೂರಿನ ಡಾಕ್ಟರು ಆಟಿಸಂ ಅಂದಿದ್ರು. ಹಾಗಂದ್ರೆ ಎಂತದು ಅಂತ ಕೇಳಿದ್ದಕ್ಕೆ ಬಹಳ ಹೊತ್ತು ಹೇಳಿದ್ರು. ನಾನು ಎಲ್ಲದಕ್ಕೂ ತಲೆ ಆಡಿಸಿ ಹೊರಗೆ ಬಂದು, 'ಎಂತ ಹೇಳಿದ್ರು?' ಅಂತ ಇವರನ್ನ ಕೇಳಿದೆ. ಇವರು, 'ನೋಡ್ವಾ' ಅಂದ್ರು. ನಮ್ಮನೆಯವರು ಎಲ್ಲದಕ್ಕೂ ಹೇಳೂದು ಅದೊಂದೇ. ಮನೆಗೆ ಬೆಂಕಿ ಬಿದ್ರೂ ನೋಡ್ವಾ ಅಂತಾರೆ.

ಮಗಳು ದಡ್ಡಿ ಅಲ್ಲ. ಓದ್ತಾಳೆ, ಲೆಕ್ಕ ನನಗಿಂತ ಬೇಗ ಮಾಡ್ತಾಳೆ. ಆದ್ರೆ ಶಾಲೆಯ ಗಂಟೆ ಆಗೂದಿಲ್ಲ. ಕರೆಂಟಿನ ಗಂಟೆ ಕಿರ್ರ್ ಅಂದ ಕೂಡಲೆ ಕಿವಿ ಮುಚ್ಕೊಂಡು ಬೆಂಚಿನ ಅಡಿಗೆ ಹೋಗಿ ಕೂತ್ರೆ ಮುಂದಿನ ಗಂಟೆ ಹೊಡೆದ್ರೂ ಏಳೂದಿಲ್ಲ. ಏಳೂದೆಲ್ಲಿ, ಅದೂ ಗಂಟೆಯೇ ಅಲ್ಲವಾ! ಒಂಬತ್ತನೇ ಕ್ಲಾಸಿನ ಕೊನೆಗೆ ಹೆಡ್ ಮಾಸ್ತರು ನನ್ನನ್ನ ಕರೆಸಿ, 'ಬಾಯಿಯವರೆ, ನಿಮ್ಮ ಹುಡುಗಿ ಒಳ್ಳೆಯವಳು. ಆದ್ರೆ ಗಂಟೆ ಹೊಡೀದೆ ಶಾಲೆ ನಡೆಸೂಕೆ ಬರೂದಿಲ್ಲ' ಅಂದ್ರು. ಮೆತ್ತಗೆ ಹೇಳಿದ್ರು. ಮೆತ್ತಗೆ ಹೇಳಿದ್ದಕ್ಕೇ ನಂಗೆ ಜಾಸ್ತಿ ಸಿಟ್ಟು ಬಂತು.

ಆಗ ನಡುವೆ ಬಂದವರು ನಮ್ಮ ಬಾವ, ಅಂದ್ರೆ ನಮ್ಮನೆಯವರ ಅಣ್ಣ. ಅವರಿರೂದು ಅಂಕೋಲೆಯಲ್ಲಿ. ಊರಲ್ಲಿ ದೊಡ್ಡ ಮನುಷ್ಯ. ಗದ್ದೆಯ ಗಡಿ ಜಗಳ ಇರಲಿ, ಮದುವೆ ಮಾತು ಇರಲಿ, ಅವರು ಹೇಳಿದ್ದೇ ಕೊನೆ. ಅವರು ದನಿ ಎತ್ತಿದ್ದನ್ನ ಯಾರೂ ಕೇಳಿದವರಿಲ್ಲ, ಒಮ್ಮೆ ಕೆಮ್ಮಿದ್ರೆ ಸಾಕು, ಜನ ಸುಮ್ಮನಾಗ್ತಾರೆ. ಅವರು ನಮ್ಮನೆಗೆ ಬಂದು ಒಮ್ಮೆ ಕೆಮ್ಮಿ, 'ದೂರದಲ್ಲಿ ಇಂಥ ಮಕ್ಕಳಿಗೇ ಅಂತ ಒಂದು ಹಾಸ್ಟೆಲ್ ಇದೆ. ವಿಚಾರಿಸಿದ್ದೇನೆ. ಜೂನಿಗೆ ಸೇರಿಸ್ವಾ' ಅಂದ್ರು.

ಹಾಸ್ಟೆಲು ಒಳ್ಳೇದೇ ಇರಬಹುದು. ಆದ್ರೆ ನನ್ನ ಮಗಳು ಉಣ್ಣೂದು ಒಂದೇ ಬಟ್ಟಲಲ್ಲಿ, ಮಲಗೂದು ಕಿಟಕಿಯ ಕಡೆ ತಲೆ ಹಾಕಿ, ಸಾರಿನ ಮೀನು ಅನ್ನಕ್ಕೆ ತಾಗಿದ್ರೆ ಎದ್ದೇ ಹೋಗ್ತಾಳೆ. ಇದನ್ನೆಲ್ಲ ಅಲ್ಲಿ ಯಾರಿಗೆ ಹೇಳಿಕೊಡೂದು? ಆ ಹೊತ್ತಿಗೇ ಮೈಸೂರಿನ ಒಬ್ಬರು ಅಕ್ಕೋರು ಇಂಥ ಮಕ್ಕಳಿಗೆ ಕಂಪ್ಯೂಟರಿನಲ್ಲೇ ಪಾಠ ಮಾಡ್ತಾರೆ, ಮುಕ್ತ ಶಾಲೆಯ ಹತ್ತನೇ ಪರೀಕ್ಷೆಗೆ ಕೂರಿಸ್ತಾರೆ ಅಂತ ಡಾಕ್ಟರು ಹೇಳಿದ್ರು. ನಾನು ಬಾವನ ಎದುರು ಮೊದಲನೇ ಸಲ ಬಾಯಿ ಬಿಟ್ಟೆ. 'ಒಂದು ವರ್ಷ ಕೊಡಿ ಬಾವಾ.' ಅವರು, 'ಆಯ್ತು. ಹತ್ತನೇ ಪರೀಕ್ಷೆ ಕೂತು ಬರೆದ್ರೆ ಮನೇಲಿರಲಿ. ಬರೀದಿದ್ರೆ ಹಾಸ್ಟೆಲು' ಅಂದ್ರು.

ಕಂಪ್ಯೂಟರ್ ಬಂತು. ಫೋನಿನ ವೈರು ಇದ್ದದ್ದು ದೇವರ ಕೋಣೆಯ ಪಕ್ಕದಲ್ಲಿ, ಹಾಗಾಗಿ ಶಾಲೆಯೂ ಅಲ್ಲೇ ಆಯ್ತು. ಮರುದಿನ ಪಕ್ಕದ ಮನೆಯ ಮಾವಶಿ ಬೇಲಿ ಹತ್ತಿರ ಹಿಡಿದಳು.

'ಮಗಳು ಈಗ ಯಾವ ಶಾಲೆ?'

'ಕಂಪ್ಯೂಟರ್ ಶಾಲೆ.'

'ಓ, ಟೈಪಿಂಗಾ?'

'ಅಲ್ಲ ಮಾವಶಿ, ಹತ್ತನೇ ಕ್ಲಾಸು.'

'ಶಾಲೆ ಎಲ್ಲಿ?'

'ಮನೇಲೇ.'

'ಅಕ್ಕೋರು ಮನೆಗೆ ಬರ್ತಾರಾ?'

'ಇಲ್ಲ, ಅವರು ಮೈಸೂರಲ್ಲಿ.'

'ಹಾಗಾದ್ರೆ ಮಗಳು ಮೈಸೂರಿಗೆ ಹೋಗ್ತಾಳಾ?'

'ಇಲ್ಲ, ಅವಳು ಮನೇಲಿ.'

'ಉಳಿದ ಮಕ್ಕಳು?'

'ಒಬ್ಬ ಧಾರವಾಡದಲ್ಲಿ, ಒಬ್ಬಳು ಶಿವಮೊಗ್ಗದಲ್ಲಿ. ಎಲ್ಲರೂ ಅವರವರ ಮನೇಲಿ.'

ಮಾವಶಿ ನನ್ನನ್ನ ಮೇಲಿಂದ ಕೆಳಗೆ ನೋಡಿ, ಬೇಲಿಯ ಮೇಲಿಂದ ಕೈ ಚಾಚಿ ನನ್ನ ಭುಜ ತಟ್ಟಿದಳು. 'ಇರಲಿ ಮಗಾ. ಆ ಹುಡುಗಿಯದು ಹೇಗೋ ಆಗ್ತದೆ. ನೀನೊಮ್ಮೆ ಡಾಕ್ಟರಿಗೆ ತೋರಿಸ್ಕೋ.'

ಒಂಬತ್ತು ಗಂಟೆಯ ಆಟೋ

ಮನೆಯೇ ಶಾಲೆ ಆದ ಮೇಲೆ ಆಟೋ ಎಂತಕ್ಕೆ? ಆಟೋದವನಿಗೆ ಬರಬೇಡ ಅಂತ ಹೇಳಿದೆ. ಮೊದಲನೇ ದಿನ ಬೆಳಿಗ್ಗೆ ಮಗಳು ಯೂನಿಫಾರಂ ಹಾಕಿ, ಎರಡು ಜಡೆ ಹಾಕಿಸ್ಕೊಂಡು, ಚೀಲ, ಟಿಫಿನ್ ಡಬ್ಬಿ ಹಿಡಿದು ಗೇಟಿನಲ್ಲಿ ನಿಂತಳು.

'ಒಳಗೆ ಬಾ ತಂಗಿ, ಶಾಲೆ ಒಳಗಿದೆ.' ನಮ್ಮ ಕಡೆ ಮಗಳಿಗೆ ತಂಗಿ, ತಾಯಿಗೆ ಆಯಿ ಅನ್ನೂದು.

'ಒಂಬತ್ತು ಗಂಟೆಗೆ ಆಟೋ.'

'ಆಟೋ ಬರೂದಿಲ್ಲ.'

'ಒಂಬತ್ತು ಗಂಟೆಗೆ ಆಟೋ.'

ಮಧ್ಯಾಹ್ನದವರೆಗೂ ಅಲ್ಲೇ ನಿಂತಳು, ಬಿಸಿಲಲ್ಲಿ. ನಾನು ಬಯ್ದೆ, ಬೇಡಿಕೊಂಡೆ, ಎಳೆದೆ. ಅತ್ತೆ ನನ್ನನ್ನ ಬಯ್ದರು. ಕೊನೆಗೆ ಮರುದಿನಕ್ಕೆ ಆಟೋದವನನ್ನೇ ಕರೆಸಿದೆ. ಅವ ಬಂದ, ಅವಳು ಹತ್ತಿದಳು, 'ಟಾಟಾ ಆಯಿ' ಅಂದಳು.

'ಅಕ್ಕಾ, ಎಲ್ಲಿಗೆ ಬಿಡೂದು?' ಅಂತ ಕೇಳಿದ.

'ಇಲ್ಲಿಗೇ.'

'ಇಲ್ಲಿಂದ ಎಲ್ಲಿಗೆ?'

'ಇಲ್ಲಿಂದ ಇಲ್ಲಿಗೇ ಮಾರಾಯಾ! ಒಂದು ಸುತ್ತು ಹೊಡೆದು ತಂದು ಬಿಡು.'

ಸುತ್ತು ಹೊಡೆದು ಅದೇ ಗೇಟಿಗೆ ಯಾಕೆ ವಾಪಸ್ ಬರಬೇಕು ಅಂತ ಅರ್ಥವಾಗದೆ ಅವ ಮೊದಲ ದಿನ ಸೀದಾ ಹಳೇ ಶಾಲೆಗೇ ಹೋಗಿ, ಅಲ್ಲಿ ಗಂಟೆ ಹೊಡೆದು, ಮಗಳು ಸೀಟಿನ ಅಡಿಗೆ ಸೇರಿ, ಅವಳನ್ನ ಹಾಗೇ ಸೀಟಿನ ಅಡಿಯಲ್ಲೇ ಕರ್ಕೊಂಡು ಬಂದ. ಆಮೇಲೆ ರೂಢಿಯಾಯ್ತು. ದಿನಾ ಹಬ್ಬುವಾಡಕ್ಕೆ ಒಂದು ಪ್ರದಕ್ಷಿಣೆ ಹಾಕಿ ತಂದು ಅದೇ ಗೇಟಿನಲ್ಲಿ ಇಳಿಸ್ತಿದ್ದ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು ಕಂಪ್ಯೂಟರಿನ ಎದುರು ಕೂರ್ತಿದ್ದಳು.

ಒಳಗೆ ಬಂದವಳು ನನ್ನನ್ನ ನೋಡಿದ್ರೂ ಗುರುತು ಹಿಡಿಯದವಳ ಹಾಗೆ ಇರ್ತಿದ್ದಳು. ನಂಗೆ ತಡೀಲಿಲ್ಲ. 'ತಂಗಿ, ಆಯಿ ಹತ್ತಿರ ಮಾತಾಡೂದಿಲ್ಲವಾ?'

'ಆಯಿ ಮನೇಲಿದ್ದಾಳೆ. ಇದು ಶಾಲೆ.'

'ಹಾಗಾದ್ರೆ ನಾನು ಯಾರು?'

ಅವಳು ನನ್ನ ಕೈಯಲ್ಲಿದ್ದ ಕಸಬರಿಗೆ ನೋಡಿ ಸ್ವಲ್ಪ ಯೋಚನೆ ಮಾಡಿದಳು. 'ನೀವು ಪ್ಯೂನ್.'

ನೀವು ಅಂತ ಮರ್ಯಾದೆ ಕೊಟ್ಟು ಹೇಳಿದಳು. ಆಯಿ ಹೇಳಿದ್ರೆ ಹಾಲು ಕುಡಿಯದ ಹುಡುಗಿ ಪ್ಯೂನ್ ತಂದು ಇಟ್ರೆ ಸುಮ್ಮನೆ ಕುಡೀತಿದ್ದಳು. ಹೆತ್ತವಳಾಗಿ ಇಷ್ಟು ವರ್ಷ ಆಗದ್ದು ನಂಗೆ ಪ್ಯೂನಾದ ಮೇಲೆ ಒಂದೇ ವಾರದಲ್ಲಿ ಆಯ್ತು.

ಹತ್ತು ಗಂಟೆಯ ಮೀನು

ಹತ್ತಕ್ಕೆ ಕ್ಲಾಸು. ಮೈಸೂರಿನ ಅಕ್ಕೋರ ದನಿ ಕಂಪ್ಯೂಟರಿನ ಸ್ಪೀಕರ್ ಡಬ್ಬಿಯಿಂದ ಬರ್ತಿತ್ತು. ಅವರು ಒಬ್ಬೊಬ್ಬರ ಹೆಸರು ಕರೆದು ಹಾಜರಿ ಹಾಕ್ತಿದ್ರು. ಧಾರವಾಡದ ಹುಡುಗ 'ಎಸ್ ಮೇಡಂ' ಅಂತಿದ್ದ. ಶಿವಮೊಗ್ಗದವಳು ಬಾಯಿ ಬಿಡೂದಿಲ್ಲ, ಟೈಪ್ ಮಾಡಿ ತಿಳಿಸ್ತಿದ್ದಳು. ನಮ್ಮವಳ ಹೆಸರು ಬಂತು ಅಂದ್ರೆ ಮೌನ. ಮೊದಲನೇ ವಾರ ಮೌನ, ಎರಡನೇ ವಾರ ಮೌನ. ಸುಮ್ಮನೆ ಪರದೆ ನೋಡ್ತಾ ಕೂತಿರ್ತಿದ್ದಳು. ನಾನು ಹಿಂದೆ ನಿಂತು, 'ಹಾಜರ್ ಅನ್ನು ತಂಗಿ, ಅನ್ನು' ಅಂತ ಪಿಸುಗುಟ್ಟಿದ್ರೆ, 'ಪ್ಯೂನ್ ಕ್ಲಾಸಲ್ಲಿ ಮಾತಾಡಬಾರದು' ಅಂತಿದ್ದಳು. ರಾತ್ರಿ ಬಾವನ ಕೆಮ್ಮು ಕನಸಲ್ಲಿ ಕೇಳ್ತಿತ್ತು ನಂಗೆ.

ಇದರ ಮೇಲೆ ಮೀನಿನವಳ ಕಾಟ. ಹತ್ತೂವರೆ ಹೊತ್ತಿಗೆ, ಪಾಠದ ನಡುವೆಯೇ, ಬುಟ್ಟಿ ಹೊತ್ಕೊಂಡು ನಮ್ಮ ಗಲ್ಲಿಗೆ ಬರ್ತಿದ್ದಳು. ಅವಳು ಕೂಗೂದು ಕನ್ನಡದಲ್ಲಿ, ಬಯ್ಯೂದು ಕೊಂಕಣಿಯಲ್ಲಿ, ಎರಡೂ ಬಂದರಿನವರೆಗೆ ಕೇಳ್ತದೆ. 'ಮೀನ್ ಬೇಕೇ... ಮೀನೂ...!' ಅಂತ ಕೊನೆಗೆ ಎಳೆದಳು ಅಂದ್ರೆ ದೇವರ ಕೋಣೆಯ ಗಂಟೆ ತಾನಾಗಿ ಅಲುಗಬೇಕು.

ಒಂದು ದಿನ ಅವಳು ಬೇಗ ಬಂದಳು, ಅಕ್ಕೋರು ಹಾಜರಿ ತಗೊಳ್ತಾ ಇದ್ದಾಗಲೇ ಕೂಗು ಬಂತು. ನನ್ನ ಪಿತ್ತ ನೆತ್ತಿಗೇರಿತು. ಸೆರಗು ಸಿಕ್ಕಿಸ್ಕೊಂಡು ಹೊರಗೆ ಓಡಿದೆ. 'ಏ ಮಾರಾಯ್ತಿ, ನಿಂಗೆ ಬುದ್ಧಿ ಇದ್ಯಾ? ಒಳಗೆ ಮಗು ಶಾಲೆಯಲ್ಲಿದೆ, ನೀನು ಇಲ್ಲಿ ಗಂಟಲು ಹರ್ಕೊಳ್ತೀಯ! ನಾಳೆಯಿಂದ ಈ ಗಲ್ಲಿಗೆ...'

ಒಳಗಿಂದ ಒಂದು ದನಿ ಬಂತು. ನನ್ನ ಮಗಳದು. ಗಟ್ಟಿ ದನಿ.

'ಹಾಜರ್, ಅಕ್ಕೋರೆ!'

ನಾನು ಕೈ ಎತ್ತಿದವಳು ಹಾಗೇ ಒಳಗೆ ಓಡಿದೆ. ಕರೆಂಟಿನ ಗಂಟೆಗೆ ಬೆಂಚಿನ ಅಡಿಗೆ ಹೋಗುವ ಹುಡುಗಿ ಅದಕ್ಕಿಂತ ಹತ್ತು ಪಟ್ಟು ಜೋರಿನ ಈ ಕೂಗಿಗೆ ನೆಟ್ಟಗೆ ಕೂತಿದ್ದಾಳೆ! ಯಾಕೆ ಅಂತ ನಂಗೆ ಆವತ್ತೂ ಗೊತ್ತಾಗಲಿಲ್ಲ, ಇವತ್ತಿಗೂ ಗೊತ್ತಾಗಿಲ್ಲ. ಡಬ್ಬಿಯಿಂದ ಅಕ್ಕೋರು ನಗೂದು ಕೇಳಿತು. ಆಮೇಲೆ, 'ಅಮ್ಮಾ, ಆ ಮೀನಿನವರಿಗೆ ನಾಳೆನೂ ಬರೋಕೆ ಹೇಳಿ' ಅಂದ್ರು. ಧಾರವಾಡದ ಹುಡುಗ, 'ಇವತ್ತು ಯಾವ ಮೀನ್ರಿ?' ಅಂತ ಕೇಳಿದ.

ವಾಪಸ್ ಹೊರಗೆ ಬಂದ್ರೆ ಮೀನಿನವಳು ಸೊಂಟಕ್ಕೆ ಕೈ ಕೊಟ್ಟು ಕಾಯ್ತಿದ್ದಳು. 'ನಾಳೆಯಿಂದ ಈ ಗಲ್ಲಿಗೆ... ಎಂತ? ಮುಂದೆ ಹೇಳು ಬಾಯಿ.'

'ನಾಳೆಯಿಂದ ಈ ಗಲ್ಲಿಗೆ ಸರಿಯಾಗಿ ಹತ್ತಕ್ಕೆ ಬಾ,' ಅಂದೆ ನಾನು, 'ಸ್ವಲ್ಪ ಇನ್ನೂ ಜೋರಾಗಿ ಕೂಗು.'

ಅವಳಿಗೆ ನಾನು ತಮಾಷೆ ಮಾಡ್ತಿದ್ದೇನೆ ಅನ್ನಿಸಿತು. ಕೊಂಕಣಿಯಲ್ಲಿ ಶುರು ಮಾಡಿದಳು. ಎಲ್ಲ ಹೇಳಿ ಸಮಾಧಾನ ಮಾಡುವಷ್ಟರಲ್ಲಿ ಮಗಳೇ ಹೊರಗೆ ಬಂದು ಬುಟ್ಟಿಯ ಮೇಲಿನ ಎಲೆ ಎತ್ತಿ ಮೂಸಿ ನೋಡಿ, 'ನಿನ್ನೇದು' ಅಂದಳು.

'ಹಾಯ್ ಹಾಯ್! ಈಗ ಬೋಟಿಂದ ಇಳಿದ ಮೀನು!'

'ಸುಳ್ಳು. ನಿನ್ನೇದು.'

ನಮ್ಮ ಹುಡುಗಿಗೆ ಸುಳ್ಳು ಆಗೂದೇ ಇಲ್ಲ. ಹೇಳೂಕೂ ಬರೂದಿಲ್ಲ, ಕೇಳೂಕೂ ಆಗೂದಿಲ್ಲ. ಅವತ್ತಿಂದ ಗಲ್ಲಿಯ ಹೆಂಗಸರೆಲ್ಲ ಬಟ್ಟಲು ಹಿಡಿದು ನಮ್ಮ ಗೇಟಿನಲ್ಲೇ ನಿಲ್ಲೂಕೆ ಶುರು ಮಾಡಿದ್ರು. ಮೀನಿನವಳು ತಲೆ ಚಚ್ಚಿಕೊಂಡಳು. 'ಬಾಯಿ, ನಾನು ಕೂಗಿ ನಿನ್ನ ಮಗಳನ್ನ ಶಾಲೆಗೆ ಹಾಕಿದೆ. ನಿನ್ನ ಮಗಳು ನನ್ನನ್ನ ಕಟಕಟೆಗೆ ಹಾಕಿದಳು!'

ಬಾವ ಹೊರಗೆ ನಿಂತದ್ದು

ಮಳೆಗಾಲ ಮುಗಿದ ಮೇಲೆ ಬಾವ ಶಾಲೆ ನೋಡೂಕೆ ಬಂದ್ರು. ಬಿಳಿ ಪಂಚೆ, ಬಿಳಿ ಶರ್ಟು, ಕೈಯಲ್ಲಿ ಕೊಡೆ. ಸರಿಯಾಗಿ ಕ್ಲಾಸಿನ ಹೊತ್ತಿಗೇ ಬಂದ್ರು. ಅವರು ನೋಡಿದ್ದು ಎಂತದು? ದೇವರ ಕೋಣೆ ಪಕ್ಕದಲ್ಲಿ ಒಂದು ಹುಡುಗಿ ಯೂನಿಫಾರಂ ಹಾಕಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಒಬ್ಬಳೇ ಗೋಡೆ ಕಡೆ ನೋಡಿ ನಗ್ತಿದ್ದಾಳೆ. ಹಾಜರಿ ಆದ ಮೇಲೆ ಅವಳು ಹೆಡ್‌ಫೋನ್ ಹಾಕ್ತಿದ್ದದ್ದರಿಂದ ಅಕ್ಕೋರ ದನಿಯೂ ಹೊರಗೆ ಕೇಳ್ತಿರಲಿಲ್ಲ.

'ಅಕ್ಕೋರೆಲ್ಲಿ?' ಅಂದ್ರು ಬಾವ.

'ಒಳಗಿದ್ದಾರೆ.'

ಬಾವ ದೇವರ ಕೋಣೆಗೆ ಇಣುಕಿದ್ರು. ಅಲ್ಲಿ ಅತ್ತೆ ಕಣ್ಣು ಮುಚ್ಚಿ ಕೂತಿದ್ರು. 'ಇವರಾ?'

'ಅಲ್ಲ ಬಾವಾ, ಕಂಪ್ಯೂಟರ್ ಒಳಗೆ.'

ಬಾವ ಒಮ್ಮೆ ಕೆಮ್ಮಿ, ಕಂಪ್ಯೂಟರಿನ ಹತ್ತಿರ ಹೋಗಿ, ಕೈ ಮುಗಿದು, 'ನಮಸ್ಕಾರ' ಅಂದ್ರು. ಮಗಳು ಹೆಡ್‌ಫೋನ್ ತೆಗೆದು ತಿರುಗಿದಳು. ಅಂಕೋಲೆಯಲ್ಲಿ ಯಾರೂ ಎದುರು ಮಾತಾಡದ ಮನುಷ್ಯನಿಗೆ ಹೇಳಿದಳು, 'ಕ್ಲಾಸ್ ನಡೀತಿದೆ. ಪಾಲಕರು ಹೊರಗೆ ಕೂರಬೇಕು.' ಆಮೇಲೆ ನನ್ನ ಕಡೆ ನೋಡಿ, 'ಪ್ಯೂನ್, ಇವರನ್ನ ಹೊರಗೆ ಬಿಡಿ.'

ನಂಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಬಾವ ನನ್ನ ಮುಖ ನೋಡಿದ್ರು. ನಾನು ಪ್ಯೂನು, ಎಂತ ಮಾಡಲಿ? ಬಾಗಿಲು ತೋರಿಸಿದೆ. ಅವರು ಜಗಲಿಗೆ ಹೋದ್ರು. ಕ್ಲಾಸು ಮುಗಿಯೂ ತನಕ ಕೊಡೆ ಹಿಡಿದು ಅಲ್ಲೇ ನಿಂತಿದ್ರು, ಕುರ್ಚಿ ಕೊಟ್ರೂ ಕೂರಲಿಲ್ಲ. ಹೋಗುವಾಗ, ಅಣ್ಣ ಬರ್ತಾರೆ ಅಂತ ಆಫೀಸಿಗೆ ರಜೆ ಹಾಕಿದ್ದ ಇವರಿಗೆ, 'ಇದು ಶಾಲೆ ಅಲ್ಲ. ಪರೀಕ್ಷೆ ಆಗಲಿ, ಆಮೇಲೆ ಮಾತು' ಅಂದ್ರು.

ನಾನು ಅಳ್ತಾ ಇವರನ್ನ ಕೇಳಿದೆ, 'ಬಾವನಿಗೆ ಸಿಟ್ಟು ಬಂತಲ್ಲ, ಈಗೆಂತ ಮಾಡೂದು?'

ನಮ್ಮನೆಯವರು ಜಗಲಿ ಕಡೆ ನೋಡಿ ಬಹಳ ಮೆಲ್ಲಗೆ ಹೇಳಿದ್ರು. 'ನಾನು ನಲವತ್ತೈದು ವರ್ಷದಿಂದ ಅಣ್ಣನನ್ನ ಹೊರಗೆ ಕಳಿಸೂಕೆ ನೋಡ್ತಿದ್ದೆ.'

ಸೋಮವಾರದ ಗ್ರಹ

ಎಲ್ಲ ಸರಿಯಾಯ್ತು ಅಂತ ಉಸಿರು ಬಿಡುವಷ್ಟರಲ್ಲಿ ಹೊಸ ಗೋಳು ಕಣ್ಣಿಗೆ ಬಿತ್ತು. ವಾರವೆಲ್ಲ 'ಹಾಜರ್ ಅಕ್ಕೋರೆ' ಅನ್ನುವ ಹುಡುಗಿ ಸೋಮವಾರ ಮಾತ್ರ ಮೌನ. ಪುಸ್ತಕ ಮುಟ್ಟೂದಿಲ್ಲ, ಉತ್ತರ ಕೊಡೂದಿಲ್ಲ.

ಅತ್ತೆಗೆ ಕೂಡಲೆ ಗೊತ್ತಾಯ್ತು. ಗ್ರಹಚಾರ. ಕಂಪ್ಯೂಟರಿಗೆ ಕುಂಕುಮ ಹಚ್ಚಿದ್ರು, ಲಿಂಬೆಹಣ್ಣು ಕಟ್ಟಿದ್ರು. ಮೈಸೂರಿನ ಅಕ್ಕೋರು, ಭಾನುವಾರದ ರಜೆ ಮುಗಿದು ಬರೋದು ಇಂಥ ಮಕ್ಕಳಿಗೆ ಕಷ್ಟ, ಭಾನುವಾರವೂ ಪಾಠ ಮಾಡೋಣ ಅಂದ್ರು. ಭಾನುವಾರ ಚೆಂದ ಮಾಡಿದಳು, ಸೋಮವಾರ ಮತ್ತೆ ಮೌನ. ನಂಗೆ ಲೈನಿನ ಮೇಲೆ ಅನುಮಾನ ಬಂತು. ಟೆಲಿಫೋನಿನವ ಪ್ರತಿ ಸೋಮವಾರ ಕಂಬ ಹತ್ತಿ, ಇಳಿದು, 'ಲೈನ್ ಸರಿ ಇದೆ ಅಕ್ಕಾ' ಅಂತಿದ್ದ. 'ಸರಿ ಇದ್ರೆ ಮಗಳು ಯಾಕೆ ಮಾತಾಡೂದಿಲ್ಲ?' ಅಂದ್ರೆ, 'ಅದು ನಮ್ಮ ಇಲಾಖೆಗೆ ಬರೂದಿಲ್ಲ' ಅಂತಿದ್ದ. ನಮ್ಮನೆಯವರು ಎಂತ ಅಂದ್ರು ಅಂತ ನಿಮಗೆ ಗೊತ್ತೇ ಇದೆ.

ತಿಂಗಳುಗಟ್ಟಲೆ ಎಲ್ಲರ ಹತ್ತಿರ ಕೇಳಿದ ಮೇಲೆ ನಂಗೆ ಒಂದು ದಿನ ಹೊಳೀತು. ಅಯ್ಯೋ, ಇವಳನ್ನೇ ಕೇಳಲಿಲ್ಲವಲ್ಲ! ನನ್ನ ಮೇಲೆ ನಂಗೇ ನಾಚಿಕೆ ಬಂತು. ಹತ್ತಿರ ಹೋಗಿ, 'ತಂಗಿ, ಸೋಮವಾರ ಯಾಕೆ ಹಾಜರಿ ಹೇಳೂದಿಲ್ಲ?' ಅಂದೆ.

'ಗಂಟೆ ಹೊಡೆದಿಲ್ಲ' ಅಂದಳು.

'ಯಾವ ಗಂಟೆ?'

ರಸ್ತೆ ಕಡೆ ಬೆರಳು ತೋರಿಸಿದಳು. ಆಗ ಅರ್ಥವಾಯ್ತು. ನಮ್ಮ ಗಲ್ಲಿಯಲ್ಲಿ ಸೋಮವಾರ ಯಾರ ಮನೆಯಲ್ಲೂ ಮೀನು ಮಾಡೂದಿಲ್ಲ. ಹಾಗಾಗಿ ಮೀನಿನವಳಿಗೂ ಅವತ್ತು ರಜೆ!

ಮೀನಿನವಳನ್ನ ಕರೆದು, ಸೋಮವಾರವೂ ಬಂದು ಕೂಗಬೇಕು ಅಂದೆ. ಅತ್ತೆ ದೇವರ ಕೋಣೆಯಿಂದಲೇ ಚೀರಿದ್ರು. 'ಸೋಮವಾರ! ದೇವರ ಪಕ್ಕದಲ್ಲಿ! ಮೀನ್ ಬೇಕೇ ಅಂತ ಕೂಗೂದಾ? ನಾನು ಸತ್ತ ಮೇಲೆ ಮಾಡಿಸ್ಕೋ.' ಸರಿ, ಸೋಮವಾರ ಮಟ್ಟಿಗೆ ತರಕಾರಿ ಅಂತ ಕೂಗಲಿ ಅಂತ ಒಪ್ಪಂದವಾಯ್ತು. ಮೀನಿನವಳು ಖಾಲಿ ಬುಟ್ಟಿ ಹೊತ್ಕೊಂಡು ಬಂದು, 'ತರಕಾರಿ ಬೇಕೇ... ತರಕಾರೀ' ಅಂತ ನಾಚಿಕೊಂಡು ಕೂಗಿದಳು. ಮಗಳು ಹೊರಗೆ ಬಂದು ಬುಟ್ಟಿ ನೋಡಿ, 'ಸುಳ್ಳು' ಅಂದು ಒಳಗೆ ಹೋದಳು.

ಮೀನಿನವಳು ಬುಟ್ಟಿ ಕುಕ್ಕಿದಳು. 'ಮೀನಿಲ್ಲದ ದಿನ ಮತ್ತೆಂತ ಕೂಗೂದು ಬಾಯಿ? ಮೀನಿಲ್ಲ ಅಂತ ಕೂಗಲಾ?'

ಒಳಗಿಂದ ಮಗಳು, 'ಹೌದು' ಅಂದಳು.

ಎಲ್ಲರೂ ಅತ್ತೆಯ ಮುಖ ನೋಡಿದ್ವಿ. ಅತ್ತೆ ಬಹಳ ಯೋಚನೆ ಮಾಡಿ, 'ಇಲ್ಲ ಅಂತ ಹೇಳಿದ್ರೆ ದೇವರಿಗೇನೂ ತೊಂದರೆ ಇಲ್ಲ' ಅಂದ್ರು.

ಅಲ್ಲಿಂದ ಪ್ರತಿ ಸೋಮವಾರ ಹತ್ತಕ್ಕೆ ಮೀನಿನವಳು ಖಾಲಿ ಬುಟ್ಟಿ ತಲೆ ಮೇಲೆ ಇಟ್ಕೊಂಡು ಬಂದು, 'ಮೀನಿಲ್ಲಾ... ಮೀನೂ...! ಇವತ್ತು ಮೀನಿಲ್ಲಾ...!' ಅಂತ ಕೂಗಿ, ನಮ್ಮಲ್ಲಿ ಚಾ ಕುಡಿದು ಹೋಗ್ತಿದ್ದಳು. ಗಲ್ಲಿಗೆ ಹೊಸದಾಗಿ ಬಂದ ಬಯಲುಸೀಮೆಯ ಬ್ಯಾಂಕಿನವರ ಹೆಂಡತಿ ಒಂದು ಸೋಮವಾರ ಹೆದರಿಕೊಂಡೇ ನನ್ನನ್ನ ಕೇಳಿದಳು. 'ಅಲ್ಲರೀ, ನಿಮ್ಮ ಊರಾಗ ಇಲ್ಲದ್ದನ್ನೂ ಮನಿ ಮನಿಗೆ ಬಂದು ಹೇಳಿ ಹೋಗ್ತಾರೇನು?'

ಅಂಕೋಲೆಯ ಗಂಟೆ

ಪರೀಕ್ಷೆಗೆ ಸೆಂಟರ್ ಸಿಕ್ಕಿದ್ದು ಅಂಕೋಲೆಯ ಒಂದು ಶಾಲೆಯಲ್ಲಿ. ಮೊದಲ ಪೇಪರು ಸೋಮವಾರ. ನಾವು ಹಿಂದಿನ ದಿನವೇ ಹೋಗಿ ಬಾವನ ಮನೆಯಲ್ಲಿ ಉಳಿದ್ವಿ. ಮೀನಿನವಳಿಗೆ ಭಾನುವಾರ ದೊಡ್ಡ ವ್ಯಾಪಾರ, ಬಿಡೂಕಾಗೂದಿಲ್ಲ, ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಬರ್ತೇನೆ ಅಂತ ದೇವರ ಮೇಲೆ ಆಣೆ ಮಾಡಿದ್ದಳು. ಶಾಲೆಯವರ ಹತ್ತಿರ ಮೊದಲೇ ಹೋಗಿ ಕೈ ಮುಗಿದು, ದಯವಿಟ್ಟು ಕರೆಂಟಿನ ಗಂಟೆ ಹೊಡೀಬೇಡಿ ಅಂತ ಕೇಳಿಕೊಂಡಿದ್ದೆ. ಪಾಪ, ಅವರೂ ಒಪ್ಪಿದ್ರು. ಒಂಬತ್ತಕ್ಕೆ ಬಾವನ ಮನೆ ಎದುರು ಒಂದು ಆಟೋ ನಿಲ್ಲಿಸಿದ್ದೆ. ಹತ್ತಿದಳು. 'ಟಾಟಾ ಆಯಿ' ಅಂದಳು. ಕಿಟಕಿ ಪಕ್ಕದ ಸೀಟು ಸಿಕ್ತು. ಎಲ್ಲ ಸರಿ.

ಮೀನಿನವಳು ಬರಲಿಲ್ಲ.

ಆ ವರ್ಷಗಳಲ್ಲಿ ಬೇಲೆಕೇರಿ ಬಂದರಿಗೆ ಅದಿರಿನ ಲಾರಿಗಳು ಹೋಗ್ತಿದ್ದದ್ದು ನೆನಪಿದ್ಯಲ್ಲ, ಒಂದರ ಹಿಂದೆ ಒಂದು. ಅವುಗಳ ನಡುವೆ ಅವಳ ಬಸ್ಸು ಸಿಕ್ಕಿಬಿದ್ದಿತ್ತು. ಹತ್ತಾಯ್ತು. ಪೇಪರು ಕೊಟ್ರು. ಸ್ವಲ್ಪ ಹೊತ್ತಿಗೆ ಕೋಣೆಯ ಮೇಲ್ವಿಚಾರಣೆಯ ಅಕ್ಕೋರು ಗೇಟಿನ ಹತ್ತಿರ ಓಡಿ ಬಂದ್ರು.

'ನಿಮ್ಮ ಹುಡುಗಿ ಪೇಪರು ಮುಟ್ಟಿಲ್ಲ. ಗಂಟೆ ಹೊಡೆದಿಲ್ಲ ಅಂತಾಳೆ. ಅಲ್ಲ, ಗಂಟೆ ಬೇಡ ಅಂದವರು ನೀವೇ ಅಲ್ಲವಾ?'

'ಅದು ಆ ಗಂಟೆ ಅಲ್ಲ ಅಕ್ಕೋರೆ, ಮೀನಿನ ಗಂಟೆ.'

'ಮೀನಿನ ಗಂಟೆ?'

'ಹೌದು. ಆದ್ರೆ ಇವತ್ತು ಸೋಮವಾರ ನೋಡಿ, ಹಾಗಾಗಿ ಮೀನಿಲ್ಲದ ಗಂಟೆ.'

ಅವರು ಪಕ್ಕದ ಮನೆ ಮಾವಶಿ ನೋಡಿದ ಹಾಗೇ ನನ್ನನ್ನ ನೋಡಿದ್ರು. ಆದ್ರೂ ಒಳ್ಳೆಯವರು. 'ಎಂತ ಮಾಡಬೇಕೋ ಬೇಗ ಮಾಡಿ' ಅಂದು ಒಳಗೆ ಓಡಿದ್ರು.

ನಾನೇ ಗೇಟು ಹಿಡಿದು ಕೂಗಿದೆ. 'ಮೀನಿಲ್ಲಾ... ಮೀನೂ...!' ಅಕ್ಕೋರು ಕಿಟಕಿಯಿಂದ ತಲೆ ಹಾಕಿದ್ರು. 'ಪ್ಯೂನ್ ಮೀನು ಮಾರಬಾರದಂತೆ!' ನಮ್ಮನೆಯವರನ್ನ ಮುಂದೆ ದೂಡಿದೆ. ಅವರು ಬಾಯಿ ತೆಗೆದ್ರು, ಬೆವರಿದ್ರು, ಬಾಯಿ ಮುಚ್ಚಿದ್ರು. ನಾನು ಅಲ್ಲೇ ಮೋರಿಯ ಕಟ್ಟೆ ಮೇಲೆ ಕೂತು ಅತ್ತುಬಿಟ್ಟೆ. ಒಂದು ವರ್ಷ ಆಟೋ ಸುತ್ತಿಸಿ, ಪ್ಯೂನಾಗಿ, ಮೀನಿನವಳ ಕಾಲು ಹಿಡಿದು, ಎಲ್ಲ ಬೇಲೆಕೇರಿಯ ಲಾರಿಯ ಅಡಿಗೆ ಹೋಯ್ತು ಅನ್ನಿಸಿತು. ಜೂನಿಗೆ ಅವಳ ಬಟ್ಟಲು ಯಾರ ಕೈಗೆ ಕೊಡಲಿ?

ಬಾವ ಮರದ ಅಡಿಯಲ್ಲಿ ಕೊಡೆ ಹಿಡಿದು ನಿಂತಿದ್ರು. ಎಲ್ಲ ನೋಡ್ತಿದ್ರು. ಹತ್ತಿರ ಬಂದು, 'ಎಂತ ಕೂಗಬೇಕು?' ಅಂದ್ರು.

ಹೇಳಿದೆ. ಅವರು ಕೊಡೆ ಮಡಚಿ ನನ್ನ ಕೈಗೆ ಕೊಟ್ರು. ಆಚೆ ಈಚೆ ನೋಡಿದ್ರು. ಎದುರಿನ ಚಾದಂಗಡಿಯಲ್ಲಿ ಕೂತವರೆಲ್ಲ ಅವರನ್ನ ಕಂಡ್ರೆ ಎದ್ದು ನಿಲ್ಲುವವರು. ಒಮ್ಮೆ ಕೆಮ್ಮಿ, 'ಮೀನಿಲ್ಲ' ಅಂದ್ರು, ಪಂಚಾಯ್ತಿಯಲ್ಲಿ ತೀರ್ಪು ಹೇಳಿದ ಹಾಗೆ.

ಕಿಟಕಿಯಿಂದ ಅಕ್ಕೋರು, 'ಕೇಳಲಿಲ್ಲವಂತೆ!'

'ಮೀನಿಲ್ಲಾ, ಮೀನು!'

'ಕೊನೆಗೆ ಎಳೀಬೇಕಂತೆ!'

ಬಾವ ಕಣ್ಣು ಮುಚ್ಚಿದ್ರು. ಗೇಟು ಹಿಡಿದ್ರು. 'ಮೀನಿಲ್ಲಾ... ಮೀನೂ...! ಇವತ್ತು ಮೀನಿಲ್ಲಾ...!' ಮರದ ಮೇಲಿನ ಕಾಗೆಗಳೆಲ್ಲ ಎದ್ದವು. ಚಾದಂಗಡಿಯವರು ಗ್ಲಾಸು ಹಿಡಿದು ರಸ್ತೆಗೇ ಬಂದ್ರು. ಒಳಗಿಂದ ನನ್ನ ಮಗಳ ದನಿ ಬಂತು.

'ಹಾಜರ್, ಅಕ್ಕೋರೆ!'

ಆಮೇಲೆ ಅಕ್ಕೋರು ಕಿಟಕಿಯಲ್ಲಿ ಕಂಡ್ರು. ಬರೀತಿದ್ದಾಳೆ ಅಂತ ಕೈಯಲ್ಲೇ ತೋರಿಸಿದ್ರು. ನಂಗೆ ಮತ್ತೆ ಅಳು ಬಂತು, ಈ ಸಲ ಬೇರೆ ಅಳು. ಅಷ್ಟರಲ್ಲಿ ಮೀನಿನವಳು ಖಾಲಿ ಬುಟ್ಟಿ ಹಿಡಿದು ಏದುಸಿರು ಬಿಡ್ತಾ ಓಡಿ ಬಂದು, ಗೇಟಿನಲ್ಲಿ ಬಾವನನ್ನ ಕಂಡು ನಿಂತಳು. 'ಒಡೆಯಾ, ನನ್ನ ಕೆಲಸ ನೀವು ಹಿಡಿದ್ರೆ ನಾನೆಂತ ಪಂಚಾಯ್ತಿ ಮಾಡೂಕೆ ಹೋಗಲಾ?'

ಅಲ್ಲಿಗೆ ಮುಗೀಲಿಲ್ಲ. ಎರಡನೇ ಪೇಪರು ಬುಧವಾರ. ಮೀನಿನವಳು ಈ ಸಲ ಬೇಗನೆ ಬಂದು, ತುಂಬಿದ ಬುಟ್ಟಿ ಹೊತ್ತು ಚೆಂದ ಕೂಗಿದಳು. ಮಗಳು ಪೆನ್ನು ಮುಟ್ಟಲೇ ಇಲ್ಲ. ಅಕ್ಕೋರು ಕಿಟಕಿಯಿಂದ ಹೇಳಿದ್ರು, 'ಅದು ಕಾರವಾರದ ಗಂಟೆಯಂತೆ. ಅಂಕೋಲೆ ಶಾಲೆಗೆ ದೊಡ್ಡಪ್ಪನೇ ಅಂತೆ!'

ಬಾವ ಮತ್ತೆ ಗೇಟಿಗೆ ಬಂದ್ರು. ಬುಧವಾರ ಅಲ್ಲವಾ, 'ಮೀನ್ ಬೇಕೇ... ಮೀನೂ...!' ಅಂದ್ರು. ಆಚೆ ಈಚೆ ಮನೆಯ ಹೆಂಗಸರು ಬಟ್ಟಲು ಹಿಡಿದು ಬಂದೇ ಬಿಟ್ರು. 'ಯಾವ ಮೀನ್ರಾ?' ಅಂತ ಬಂದವರು ಬಾವನ ಮುಖ ಕಂಡು ಬಟ್ಟಲನ್ನ ಸೆರಗಿನಲ್ಲಿ ಮುಚ್ಚಿಕೊಂಡ್ರು. ಬಾವನ ಕೈ ಖಾಲಿ. ಕಿಟಕಿಯಿಂದ ಮಗಳು ನೋಡಿದಳು. 'ಸುಳ್ಳು!'

ಮೀನಿನವಳು ಗೇಟಿನ ಹತ್ತಿರ ಬಂದಳು. ತನ್ನ ತಲೆ ಮೇಲಿನ ಬುಟ್ಟಿ ಇಳಿಸಿ ಬಾವನ ತಲೆ ಮೇಲೆ ಇಟ್ಟಳು. ಬಿಳಿ ಶರ್ಟಿನ ಮೇಲೆ ನೀರು ಇಳೀತಿತ್ತು. ಬಾವ ಬುಟ್ಟಿಯನ್ನ ಎರಡೂ ಕೈಯಲ್ಲಿ ಹಿಡಿದು ಇನ್ನೊಮ್ಮೆ ಕೂಗಿದ್ರು. ಒಳಗಿಂದ ಮಗಳ ಉತ್ತರ ಬಂತು, 'ಹಾಜರ್, ಅಕ್ಕೋರೆ!'

ಕೊನೆಯ ಪೇಪರಿನ ದಿನ ಮೀನಿನವಳು ಬರಲೇ ಇಲ್ಲ. ಬಾವ ತಾವೇ ಪೇಟೆಯಿಂದ ಬಂಗಡೆ ಮೀನು ತಂದು, ಬುಟ್ಟಿಗೆ ಹಾಕಿ, ಎಲೆ ಮುಚ್ಚಿ, ಯಾರೂ ಹೇಳದೆ ತಲೆ ಮೇಲೆ ಇಟ್ಕೊಂಡು ನಿಂತ್ರು. ಪರೀಕ್ಷೆ ಮುಗಿಸಿ ಹೊರಗೆ ಬಂದ ಮಗಳು ಎಲೆ ಎತ್ತಿ ಮೂಸಿದಳು. 'ದೊಡ್ಡಪ್ಪಾ, ನಿನ್ನೇದು.' ಬಾವ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿದ್ರು.

ಮನೆಗೆ ಹೋಗುವಾಗ ನಾನು ಧೈರ್ಯ ಮಾಡಿ ಕೇಳಿದೆ. 'ಬಾವಾ, ಆ ಹಾಸ್ಟೆಲು...?'

ಬಾವ ಕೆಮ್ಮೂಕೆ ನೋಡಿದ್ರು, ಕೆಮ್ಮು ಬರಲಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಪಿಸುದನಿಯಲ್ಲೇ ನನ್ನ ಮೇಲೆ ಸಿಟ್ಟು ಮಾಡಿದ್ರು.

'ನಿಂಗೆ ತಲೆ ಸರಿ ಇದ್ಯಾ? ಅಷ್ಟು ದೂರಕ್ಕೆ ದಿನಾ ಹತ್ತು ಗಂಟೆಗೆ ನಾನು ಬುಟ್ಟಿ ಹೊತ್ಕೊಂಡು ಹೋಗೂಕಾಗ್ತದಾ?'